ಅಕ್ಕನ ದವಡೆಯಲ್ಲಿ ಅರ್ಧ ಗ್ರಾಂ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗಾದರೂ ಪ್ಲಾಸ್ಟರ್ ಆಫ್ ಪ್ಯಾರಿಸ್ ಪಾಠ ನೆನಪಿರಬಹುದು. ಬಿಳಿಯ ಪುಡಿಗೆ ನೀರು ಬೆರೆಸಿ ಖಾಲಿ ಬೆಂಕಿಪೊಟ್ಟಣದಲ್ಲಿ ಸುರಿದು, ಅದು ಬೆಚ್ಚಗಾಗಿ ಗಟ್ಟಿಯಾಗುವುದನ್ನು ಮುಟ್ಟಿ ನೋಡಿರೆಂದು ಬೆಂಚಿನಿಂದ ಬೆಂಚಿಗೆ ಕಳುಹಿಸುತ್ತಿದ್ದೆ. ಮುರಿದ ಕೈಗೆ ಹೊರಗಿನಿಂದ ಕಟ್ಟುವ ವಸ್ತು ಎಂದಷ್ಟೇ ಹೇಳಿ ಪಾಠ ಮುಗಿಸುತ್ತಿದ್ದೆ. ಅದನ್ನು ಮೂಳೆಯ ಒಳಕ್ಕೇ ತುಂಬಿದವರಿದ್ದರು ಎಂಬುದು ನನಗೂ ಗೊತ್ತಿರಲಿಲ್ಲ. 1892ರಷ್ಟು ಹಿಂದೆಯೇ ಜರ್ಮನಿಯ ಡ್ರೀಸ್ಮನ್ ಎಂಬ ವೈದ್ಯರು ಮೂಳೆಯ ಪೊಳ್ಳುಗಳಿಗೆ ಈ ಪುಡಿಯನ್ನು ತುಂಬಿ, ಅದರ ವಿವರವನ್ನು ಪ್ರಕಟಿಸಿದ್ದರಂತೆ. ಮೂವತ್ತಕ್ಕೂ ಹೆಚ್ಚು ವರ್ಷ ವಿಜ್ಞಾನ ಕಲಿಸಿದ ನಾನು ಇದನ್ನು ಓದಿದ್ದು ಈಗ, ಅದೂ ನನ್ನ ಅಕ್ಕನ ಹಲ್ಲಿನ ದೆಸೆಯಿಂದ.

ಅಕ್ಕನಿಗೆ ಎಪ್ಪತ್ತೆರಡು ತುಂಬಿದೆ. ಬಲಗಡೆಯ ಕೆಳದವಡೆ ಹಲ್ಲನ್ನು ಕೀಳಿಸಬೇಕಾಯಿತು. ಹಲ್ಲು ಹೋದ ಜಾಗದಲ್ಲಿ ದವಡೆಯ ಮೂಳೆ ಸುಮ್ಮನಿರುವುದಿಲ್ಲ. ಮೊದಲ ಒಂದು ವರ್ಷದಲ್ಲಿಯೇ ಅದರ ಅಗಲ ಹೆಚ್ಚುಕಡಿಮೆ ಅರ್ಧದಷ್ಟು ಕುಗ್ಗಬಹುದು. ಕುಗ್ಗಿದ ಮೂಳೆಯಲ್ಲಿ ಇಂಪ್ಲಾಂಟಿನ ತಿರುಪು ನಿಲ್ಲುವುದಿಲ್ಲ. ಆದುದರಿಂದ ಹಲ್ಲು ಕಿತ್ತ ಕುಳಿಗೆ 'ಮೂಳೆ ಪುಡಿ' ತುಂಬುತ್ತೇವೆ ಎಂದು ನಮ್ಮ ಊರಿನ ದಂತ ವೈದ್ಯರೊಬ್ಬರು ಹೇಳಿದರು. ಅಕ್ಕ ಹೂಂ ಎಂದಳು. ಕೆಲಸ ಅಚ್ಚುಕಟ್ಟಾಗಿಯೇ ಆಯಿತು, ಅದರ ಬಗ್ಗೆ ನನ್ನ ತಕರಾರಿಲ್ಲ.

ಬಿಲ್ಲಿನಲ್ಲಿ 'ಬೋನ್ ಗ್ರಾಫ್ಟ್, 0.5 ಗ್ರಾಂ' ಎಂಬ ಸಾಲೊಂದಿತ್ತು. ಅಕ್ಕನ ಮಗ ಯಾವುದನ್ನೂ ಎಸೆಯುವವನಲ್ಲ. ಆ ಪುಡಿ ಬಂದಿದ್ದ ಖಾಲಿ ಡಬ್ಬಿಯನ್ನೂ ಕೇಳಿ ತಂದು ಬಿಲ್ಲಿನ ಜೊತೆ ಇಟ್ಟಿದ್ದ. ಭೂತಗನ್ನಡಿ ಹಿಡಿದು ಓದಿದವನು ನನಗೆ ಫೋನು ಮಾಡಿದ: "ಮಾವ, ಬೊವೈನ್ ಅಂದರೆ ಏನು?"

"ದನದ್ದು ಕಣೋ" ಎಂದೆ. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಅಕ್ಕನನ್ನು ಬಲ್ಲ ಬಂಧುಗಳಿಗೆ ವಿವರಿಸಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ: ಬಲಿಪಾಡ್ಯಮಿಯ ದಿನ ಗೋಪೂಜೆ ಮಾಡದೆ ಆಕೆ ಕಾಫಿ ಮುಟ್ಟುವವಳಲ್ಲ. ಕೇಕಿನಲ್ಲಿ ಮೊಟ್ಟೆಯಿದೆಯೇ ಎಂದು ಮೊಮ್ಮಕ್ಕಳ ಹುಟ್ಟುಹಬ್ಬದಲ್ಲೂ ಕೇಳುವವಳು.

ಸುದ್ದಿ ತಿಳಿದ ಬಂಧುಗಳಲ್ಲಿ ಕೂಡಲೇ ಎರಡು ಪಕ್ಷಗಳಾದವು. ಒಂದು ಪಕ್ಷದವರು ಪ್ರಾಯಶ್ಚಿತ್ತದ ಮಾತೆತ್ತಿದರು. ಪಂಚಗವ್ಯ ಕುಡಿಸಿ ಶುದ್ಧಿ ಮಾಡಿಸಬೇಕಂತೆ! (ಹಸುವಿನಿಂದ ಆದದ್ದಕ್ಕೆ ಹಸುವಿನದೇ ಪರಿಹಾರ, ತರ್ಕವನ್ನು ನೀವೇ ನೋಡಿಕೊಳ್ಳಿ.) ಇನ್ನೊಂದು ಪಕ್ಷದವರು, ಹೆಚ್ಚಾಗಿ ಪರದೇಶದಲ್ಲಿರುವವರು, "ಡಾಕ್ಟರಿಗೆ ಗೊತ್ತಿರುತ್ತೆ, ದೊಡ್ಡಮ್ಮನಿಗೆ ಹೇಳಬೇಡಿ, ಬಿಟ್ಟುಬಿಡಿ" ಎಂದರು. ಈ ಎರಡು ಪಕ್ಷಗಳಿಗೂ ಉತ್ತರವಾಗಿ ನಾನು ಇದನ್ನು ಬರೆಯುತ್ತಿದ್ದೇನೆ. ಎರಡನೆಯದರ ಮೇಲೆ ನನಗೆ ಸಿಟ್ಟು ಹೆಚ್ಚು.

ಮೊದಲು ರಸಾಯನಶಾಸ್ತ್ರ. ನಮ್ಮ ಮೂಳೆಯ ತೂಕದಲ್ಲಿ ಸುಮಾರು ಮೂರನೆಯ ಎರಡು ಭಾಗ ಖನಿಜ. ಉಳಿದುದರಲ್ಲಿ ಹೆಚ್ಚಿನದು ಕೊಲಾಜೆನ್ ಎಂಬ ಪ್ರೋಟೀನು ಮತ್ತು ನೀರು. ಆ ಖನಿಜವು ಹೈಡ್ರಾಕ್ಸಿ ಅಪಟೈಟ್ ಎಂಬ ಕ್ಯಾಲ್ಸಿಯಂ ಫಾಸ್ಫೇಟಿಗೆ ಬಹಳ ಹತ್ತಿರದ್ದು. ದನದ ಮೂಳೆಯಲ್ಲಿರುವುದೂ ಅದೇ ಬಗೆಯದು. ಕಾಯಿಸಿ, ರಾಸಾಯನಿಕಗಳಿಂದ ತೊಳೆದು, ಪ್ರೋಟೀನನ್ನೂ ಕೊಬ್ಬನ್ನೂ ತೆಗೆದುಹಾಕಿದ ಮೇಲೆ ಉಳಿಯುವುದು ಸಣ್ಣ ರಂಧ್ರಗಳ ಖನಿಜದ ಹರಳು. ಅದರ ಸುತ್ತ ನಮ್ಮ ಮೂಳೆ ಬೆಳೆದು ಹೊಂದಿಕೊಳ್ಳುತ್ತದೆ. ಅದು ಬೇಗ ಕರಗುವುದಿಲ್ಲ, ವರ್ಷಗಟ್ಟಲೆ ಅಲ್ಲಿಯೇ ಇರುತ್ತದೆ. ವೈದ್ಯರಿಗೆ ಬೇಕಾದದ್ದೂ ಆ ಗುಣವೇ, ಏಕೆಂದರೆ ದವಡೆಯ ಅಗಲ ಉಳಿಯುತ್ತದೆ. ಇದು ಒಳ್ಳೆಯ ವಸ್ತು, ಬಹುಕಾಲದ ಬಳಕೆಯಿಂದ ಪರಿಚಿತವಾದ ವಸ್ತು. ಅಕ್ಕನ ದೇಹ ಕೆಟ್ಟಿತು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಆದರೆ ಅದೊಂದೇ ದಾರಿಯಿತ್ತೇ? ಇರಲಿಲ್ಲ. ಹೈಡ್ರಾಕ್ಸಿ ಅಪಟೈಟನ್ನು ಯಾವ ಪ್ರಾಣಿಯ ಹಂಗೂ ಇಲ್ಲದೆ ಪ್ರಯೋಗಶಾಲೆಯಲ್ಲಿ ತಯಾರಿಸಬಹುದು. ಕ್ಯಾಲ್ಸಿಯಂ ಹೈಡ್ರಾಕ್ಸೈಡಿಗೆ ಫಾಸ್ಫಾರಿಕ್ ಆಮ್ಲವನ್ನು ಹದವರಿತು ಸೇರಿಸುವುದು ಅದಕ್ಕೆ ಒಂದು ವಿಧಾನ. ನೀವು ಹೈಸ್ಕೂಲಿನಲ್ಲಿ ಕಲಿತ ತಟಸ್ಥೀಕರಣ ಕ್ರಿಯೆಯೇ ಅದು. ಹತ್ತು ಕ್ಯಾಲ್ಸಿಯಂ ಪರಮಾಣುಗಳಿಗೆ ಆರು ರಂಜಕದ ಪರಮಾಣುಗಳು, ಇದು ಲೆಕ್ಕ. ಬಂದ ಬಿಳಿಯ ಗಸಿಯನ್ನು ಒಣಗಿಸಿ, ಸಾವಿರ ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಸುಟ್ಟರೆ ಗಟ್ಟಿ ಸೆರಾಮಿಕ್. ಕುಂಬಾರನು ಮಡಕೆ ಸುಡುವುದಕ್ಕೂ ಇದಕ್ಕೂ ತತ್ತ್ವದಲ್ಲಿ ದೂರವಿಲ್ಲ. ಅಕ್ಕನ ಎಲೆಯಡಿಕೆ ತಟ್ಟೆಯ ಸುಣ್ಣವೂ ಅದೇ ಕ್ಯಾಲ್ಸಿಯಂ ಹೈಡ್ರಾಕ್ಸೈಡು ಎಂದರೆ ಆಕೆ ನಂಬುತ್ತಾಳೋ ಇಲ್ಲವೋ. ಇದಲ್ಲದೆ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಇದೆ. ಅದು ಮೆಲ್ಲಗೆ ಕರಗಿ ಹೊಸ ಮೂಳೆಗೆ ಜಾಗ ಬಿಟ್ಟುಕೊಡುತ್ತದೆ. ಎರಡನ್ನೂ ಬೆರೆಸಿದ ಪುಡಿಗಳೂ ಇವೆ.

ಇನ್ನೊಂದು, ಗಾಜು! ಇದರ ಕಥೆಯನ್ನು ಹೇಳದೆ ಮುಂದೆ ಹೋಗಲಾರೆ. 1967ರಲ್ಲಿ ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದ ಲ್ಯಾರಿ ಹೆಂಚ್ ಎಂಬ ಸೆರಾಮಿಕ್ ತಜ್ಞರು ಒಂದು ಸಮ್ಮೇಳನಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದರು. ಪಕ್ಕದಲ್ಲಿ ಕುಳಿತವರು ವಿಯೆಟ್ನಾಂ ಯುದ್ಧದಿಂದ ಮರಳಿದ್ದ ಸೇನೆಯ ಕರ್ನಲ್. ಲೋಹವನ್ನಾಗಲಿ ಪ್ಲಾಸ್ಟಿಕ್ಕನ್ನಾಗಲಿ ದೇಹ ತನ್ನದೆಂದು ಒಪ್ಪುವುದಿಲ್ಲ, ಹುಡುಗರ ಕೈಕಾಲುಗಳನ್ನು ಕತ್ತರಿಸಬೇಕಾಗುತ್ತದೆ, ದೇಹ ಒಪ್ಪುವ ವಸ್ತುವನ್ನು ನೀವು ಮಾಡಲಾರಿರಾ ಎಂದು ಅವರು ಕೇಳಿದರಂತೆ. ಹೆಂಚ್ 1969ರಲ್ಲಿ ಗಾಜೊಂದನ್ನು ಕರಗಿಸಿ ಎರಕ ಹೊಯ್ದರು: ನೂರು ಪಾಲಿನಲ್ಲಿ ಸಿಲಿಕ 45, ಸೋಡಿಯಂ ಆಕ್ಸೈಡ್ 24.5, ಕ್ಯಾಲ್ಸಿಯಂ ಆಕ್ಸೈಡ್ 24.5, ರಂಜಕದ ಆಕ್ಸೈಡ್ 6. ಇಲಿಯ ತೊಡೆಮೂಳೆಗೆ ಇಟ್ಟ ಆ ಗಾಜಿನ ಚೂರು ಮೂಳೆಗೆ ಬೆಸೆದುಕೊಂಡು ಕೀಳಲು ಬಾರದೆ ಹೋಯಿತು. ದೇಹದ ದ್ರವದಲ್ಲಿ ಅದರ ಮೈಮೇಲೆ ಅಪಟೈಟಿನ ಪದರವೇ ಮೂಡುತ್ತದೆ, ಮೂಳೆ ಅದನ್ನು ತನ್ನದೆಂದು ಹಿಡಿದುಕೊಳ್ಳುತ್ತದೆ. ಪಕ್ಕದವನ ಪ್ರಶ್ನೆಯನ್ನು ಎರಡು ವರ್ಷ ತಲೆಯಲ್ಲಿಟ್ಟುಕೊಂಡ ಮನುಷ್ಯನನ್ನು ಕಂಡರೆ ನನ್ನಂಥ ಮೇಷ್ಟರಿಗೆ ಹೊಟ್ಟೆ ತುಂಬುತ್ತದೆ.

ನಮ್ಮ ದೇಶವೂ ಹಿಂದೆ ಬಿದ್ದಿಲ್ಲ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿಯೂ ಕೊಲ್ಕತ್ತದ ಕೇಂದ್ರ ಗಾಜು ಮತ್ತು ಸೆರಾಮಿಕ್ ಸಂಶೋಧನಾ ಸಂಸ್ಥೆಯಲ್ಲಿಯೂ ಇಂತಹ ಮೂಳೆ ಸೆರಾಮಿಕ್‌ಗಳ ಕೆಲಸ ದಶಕಗಳಿಂದ ನಡೆದಿದೆ.

ಇಷ್ಟು ಓದಿಕೊಂಡು ನಾನು ಆ ವೈದ್ಯರ ಬಳಿಗೆ ಹೋದೆ. ಅವರು ಸಭ್ಯರು, ಕುರ್ಚಿ ಕೊಟ್ಟರು. "ಅದು ಬರೀ ಮಿನರಲ್ ಸಾರ್. ಪ್ರೋಟೀನ್ ಏನೂ ಇರೋದಿಲ್ಲ. ನೀವೇ ಸೈನ್ಸ್ ಟೀಚರ್, ನಿಮಗೆ ನಾನು ಹೇಳಬೇಕೇ?" ಎಂದರು. ನನ್ನದೇ ಪಾಠವನ್ನು ನನಗೆ ಒಪ್ಪಿಸಿದರು! ಒಂದು ಕ್ಷಣ ನನಗೆ ಉತ್ತರ ಹೊಳೆಯಲಿಲ್ಲ. ಬಸ್ ನಿಲ್ದಾಣದವರೆಗೆ ನಡೆದು ಬರುವಾಗ ಹೊಳೆಯಿತು.

ವಸ್ತು ಏನು ಎಂಬುದು ವಿಜ್ಞಾನದ ಪ್ರಶ್ನೆ. ಅದಕ್ಕೆ ವೈದ್ಯರೇ ಉತ್ತರ ಹೇಳಲಿ. ಅದು ನನ್ನ ಮೈಯೊಳಗೆ ಬರಬಹುದೇ ಎಂಬುದು ವಿಜ್ಞಾನದ ಪ್ರಶ್ನೆಯಲ್ಲ. ಮೊದಲನೆಯದನ್ನು ಬಲ್ಲೆನೆಂದು ಎರಡನೆಯದಕ್ಕೂ ತಾವೇ ಉತ್ತರ ಹೇಳಿಬಿಡುವುದು ಅಧಿಕಪ್ರಸಂಗ. ಸರ್ವೋಚ್ಚ ನ್ಯಾಯಾಲಯವು ಸಮೀರಾ ಕೊಹ್ಲಿ ಪ್ರಕರಣದಲ್ಲಿ, 2008ರಲ್ಲಿ, ಚಿಕಿತ್ಸೆಯ ಸ್ವರೂಪವನ್ನೂ ಪರ್ಯಾಯಗಳನ್ನೂ ತಿಳಿಸಿ ಪಡೆದ ಒಪ್ಪಿಗೆಯೇ ಒಪ್ಪಿಗೆ ಎಂದು ಹೇಳಿದೆ. ಅಕ್ಕ ಹೂಂ ಎಂದದ್ದು 'ಮೂಳೆ ಪುಡಿ'ಗೆ. ಯಾರ ಮೂಳೆ ಎಂದು ಆಕೆಗೆ ಯಾರೂ ಹೇಳಲಿಲ್ಲ. ಹತ್ತು ರೂಪಾಯಿಯ ಬಿಸ್ಕತ್ತಿನ ಪೊಟ್ಟಣದ ಮೇಲೆ ಹಸಿರು ಚುಕ್ಕೆಯಿರುತ್ತದೆ. ತಿಂದರೆ ಮರುದಿನ ಹೋಗುವ ವಸ್ತು ಅದು. ವರ್ಷಗಟ್ಟಲೆ ದವಡೆಯಲ್ಲಿ ಕೂರುವ ವಸ್ತುವಿನ ಮೂಲವನ್ನು ತಿಳಿಯಲು ಭೂತಗನ್ನಡಿ ಬೇಕಾಯಿತು.

ಇದು ನಮ್ಮ ಮನೆಯವರ ಮಡಿಯ ಪ್ರಶ್ನೆಯೆಂದು ಯಾರೂ ನಗಬಾರದು. ಮೂಳೆ ಪುಡಿಯ ಮೇಲೆ ಹೊದಿಸುವ ಕೊಲಾಜೆನ್ ಪೊರೆಗಳಲ್ಲಿ ಹಂದಿಯಿಂದ ತೆಗೆದವೂ ಇವೆ. ಮುಸ್ಲಿಮರಾದ ನನ್ನ ವಿದ್ಯಾರ್ಥಿಗಳೂ ಅವರ ತಾಯಂದಿರೂ ಅದೇ ಕುರ್ಚಿಯಲ್ಲಿ ಬಾಯಿ ತೆರೆದು ಕೂರುತ್ತಾರೆ. ಅವರಿಗೂ ಕೇಳುವ ಹಕ್ಕಿದೆ. ಕೇಳಿದ ಮೇಲೆ ಪರವಾಗಿಲ್ಲ ಎನ್ನುವವರು ಎರಡೂ ಕಡೆ ಇರಬಹುದು. ನಾನೇ ಪರವಾಗಿಲ್ಲ ಎನ್ನುತ್ತಿದ್ದೆ.

ನಿಮ್ಮಲ್ಲಿ ಐದಾರು ಮಂದಿ ಬಿ.ಡಿ.ಎಸ್., ಎಂ.ಡಿ.ಎಸ್. ಮಾಡಿದ್ದೀರಿ. ಕೆಲವು ಸಂದರ್ಭಗಳಲ್ಲಿ ದನದ ಮೂಳೆಯ ಹರಳೇ ಮೇಲು ಎಂದು ನೀವು ವಾದಿಸಬಹುದು. ಹಾಗಿದ್ದರೆ ಅದನ್ನೇ ರೋಗಿಯ ಎದುರಿಗೆ ಹೇಳಿ. ಇದು ದನದ್ದು, ಇದು ಪ್ರಯೋಗಶಾಲೆಯದು, ನನ್ನ ಸಲಹೆ ಇದು: ಮೂರು ವಾಕ್ಯ, ಅರ್ಧ ನಿಮಿಷ. ನಿಮಗೆ ಪುರುಸೊತ್ತಿಲ್ಲ ಎಂದರೆ ನಾನು ನಂಬುವುದಿಲ್ಲ.

ಅಕ್ಕನಿಗೆ ನಾನೇ ಹೇಳಿದೆ. ಬೇಡವೆಂದವರ ಮಾತು ಕೇಳಿದ್ದರೆ ನಾನೂ ಆ ವೈದ್ಯರೂ ಒಂದೇ ಆಗುತ್ತಿದ್ದೆವು. ಆಕೆ ಅಳಲಿಲ್ಲ. "ಮುಂಚೆ ಕೇಳಿದ್ದರೆ ಬೇಡ ಅಂತಿದ್ದೆ. ಈಗ ತೆಗೆಸೋಕ್ಕಾಗತ್ತೇನೋ?" ಎಂದಳು. ಆಗುವುದಿಲ್ಲ, ನಿನ್ನ ಮೂಳೆಯೊಳಗೆ ಅದು ಸೇರಿಹೋಗುತ್ತಿದೆ ಎಂದೆ. ಸ್ವಲ್ಪ ಹೊತ್ತು ಕೆನ್ನೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದು, ಎದ್ದು ದೇವರಿಗೆ ದೀಪ ಹಚ್ಚಲು ಹೋದಳು. ಅಂದಿನಿಂದ ಎಡಗಡೆಯಲ್ಲೇ ಅಗಿಯುತ್ತಾಳೆ ಎಂದು ಅವಳ ಸೊಸೆ ಹೇಳಿದಳು. ನೋವೇನೂ ಇಲ್ಲವಂತೆ.

ಮುಂದಿನ ತಿಂಗಳು ಮೇಲ್ದವಡೆಯ ಹಲ್ಲೊಂದನ್ನು ಕೀಳಿಸುವುದಿದೆ. ಜೊತೆಗೆ ನೀನು ಬಾ ಎಂದಿದ್ದಾಳೆ. ಕೇಳಬೇಕಾದ ಪ್ರಶ್ನೆಗಳನ್ನು ದಪ್ಪಕ್ಷರಗಳಲ್ಲಿ ಒಂದು ಹಾಳೆಯ ಮೇಲೆ ಬರೆದುಕೊಟ್ಟಿದ್ದೇನೆ. ಅವಳೇ ಓದಿ ಕೇಳುತ್ತಾಳಂತೆ, ನಾನು ಸುಮ್ಮನೆ ಕೂತಿರಬೇಕಂತೆ.