ಸ್ಟ್ಯಾಂಡರ್ಡ್ ಲೈಬ್ರರಿಗೆ ಏನು ಸೇರಬೇಕು?

ಪ್ರೋಗ್ರಾಮಿಂಗ್ ಭಾಷೆಯ ಜೊತೆಗೇ ಬರುವ ಸಿದ್ಧ ಕೋಡಿನ ಸಂಗ್ರಹಕ್ಕೆ ಸ್ಟ್ಯಾಂಡರ್ಡ್ ಲೈಬ್ರರಿ ಎನ್ನುತ್ತಾರೆ. ಫೈಲು ತೆರೆಯುವುದು, ವೇಳೆ ತಿಳಿಯುವುದು, ನೆಟ್‌ವರ್ಕಿಗೆ ಕೈಚಾಚುವುದು ಎಲ್ಲವೂ ಅದರ ಮೂಲಕವೇ. ಪೈಥಾನ್ ಇದನ್ನು ತುಂಬಿ ತುಂಬಿ ಕೊಟ್ಟಿತು. ರಸ್ಟ್ ಕೈ ಬಿಗಿ ಹಿಡಿಯಿತು. ಅಲ್ಲಿ ಪಠ್ಯದಲ್ಲಿ ಮಾದರಿ ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಶನ್ ಬೇಕೆಂದರೂ ಹೊರಗಿನ ಪ್ಯಾಕೇಜು ತರಬೇಕು. ಯಾವುದು ಸರಿ ಎಂಬ ಜಗಳ ಸಾಮಾನ್ಯವಾಗಿ ಗಾತ್ರದ ಸುತ್ತಲೇ ಸುತ್ತುತ್ತದೆ. ನಾನು ಬೇರೆ ಅಳತೆಗೋಲು ಹಿಡಿಯುತ್ತೇನೆ: ಒಬ್ಬರನ್ನೊಬ್ಬರು ಅರಿಯದ ಇಬ್ಬರು ಬರೆದ ಕೋಡುಗಳು ಪರಸ್ಪರ ಕೊಟ್ಟು ತೆಗೆದುಕೊಳ್ಳುವ ವಸ್ತು ಯಾವುದೋ ಅದು ಒಳಗಿರಲಿ, ಉಳಿದದ್ದು ಹೊರಗೆ ಬೆಳೆಯಲಿ.

ಇಷ್ಟು ಬಿಗಿ ಏಕೆಂದರೆ, ಒಳಗೆ ಬಂದದ್ದನ್ನು ಹೊರಗೆ ಕಳಿಸುವುದು ಬಹಳ ಕಷ್ಟ. ಸಿ ಭಾಷೆಯ ‘ಗೆಟ್ಸ್’ ಫಂಕ್ಷನ್ ತನಗೆ ಕೊಟ್ಟ ಜಾಗ ಎಷ್ಟೆಂದು ಕೇಳದೆಯೇ ಸಾಲನ್ನು ಓದಿ ತುಂಬುತ್ತಿತ್ತು. 1988ರ ನವೆಂಬರಿನಲ್ಲಿ ತಾನೇ ಹರಡುವ ಮಾರಿಸ್ ವರ್ಮ್ ಎಂಬ ಪ್ರೋಗ್ರಾಮ್ ಇಂಟರ್‌ನೆಟ್ಟಿನ ಯಂತ್ರಗಳಿಗೆ ನುಗ್ಗಿದ ದಾರಿಗಳಲ್ಲಿ ಅದೂ ಒಂದು. ಸಿ ಸ್ಟ್ಯಾಂಡರ್ಡಿನಿಂದ ಅದನ್ನು ತೆಗೆದದ್ದು 2011ರಲ್ಲಿ.

ಜಾವಾದ ದಿನಾಂಕದ ಕಥೆ ಇನ್ನೂ ಹೆಚ್ಚು ಕಲಿಸುತ್ತದೆ. 1996ರ ಮೊದಲ ಆವೃತ್ತಿಯ ‘ಡೇಟ್’ನಲ್ಲಿ ಜನವರಿ ಸೊನ್ನೆಯನೇ ತಿಂಗಳು, ವರ್ಷದ ಎಣಿಕೆ 1900ರಿಂದ. ಒಮ್ಮೆ ಮಾಡಿಟ್ಟ ದಿನಾಂಕವನ್ನು ಯಾವ ಮೂಲೆಯ ಕೋಡಾದರೂ ಸದ್ದಿಲ್ಲದೆ ಬದಲಿಸಬಹುದಿತ್ತು. ಪರಿಹಾರ ಹುಟ್ಟಿದ್ದು ಹೊರಗೆ, ಜೋಡಾ-ಟೈಮ್ ಎಂಬ ಲೈಬ್ರರಿಯಲ್ಲಿ. ವರ್ಷಗಟ್ಟಲೆ ಬಳಕೆಯಲ್ಲಿ ಪಳಗಿದ ಆ ವಿಚಾರಗಳು ತಿದ್ದುಪಡಿಯೊಂದಿಗೆ 2014ರ ಜಾವಾ 8ರಲ್ಲಿ ಒಳಗೆ ಬಂದವು. ದಿನಾಂಕ ಒಳಗೆ ಬರಲೇಬೇಕಿತ್ತು: ಡೇಟಾಬೇಸಿನ ಪ್ಯಾಕೇಜು ಕೊಟ್ಟ ದಿನಾಂಕ ಬಿಲ್ಲಿಂಗಿನ ಪ್ಯಾಕೇಜಿಗೆ ಅರ್ಥವಾಗದಿದ್ದರೆ ಪ್ರತಿ ಹೆಜ್ಜೆಗೂ ಪರಿವರ್ತನೆ ಬೇಕಾಗುತ್ತದೆ. ಆದರೆ ಹಳೆಯ ‘ಡೇಟ್’ ಇವತ್ತಿಗೂ ಅಲ್ಲೇ ಇದೆ. ಅದರ ಮೇಲೆ ನಿಂತ ಕೋಡು ಅಷ್ಟಿದೆ.

ಒಳಗೆ ಸೇರಿಸಿದ ಮೇಲೆ ಲೈಬ್ರರಿ ಆಪರೇಟಿಂಗ್ ಸಿಸ್ಟಮ್ಮಿನ ನಿಜವನ್ನು ಮುಚ್ಚಿಡಬಾರದು. ಫೈಲಿನ ಹೆಸರನ್ನೇ ನೋಡಿ. ನಮಗದು ಪಠ್ಯ, ಲಿನಕ್ಸ್ ಕರ್ನಲ್ಲಿಗೆ ಬರೀ ಬೈಟುಗಳ ಸಾಲು. ಪೈಥಾನ್ 3.0 ಹೆಸರೆಂದರೆ ಪಠ್ಯವೇ ಎಂದು ನಂಬಿತು. ಡೀಕೋಡ್ ಆಗದ ಹೆಸರಿನ ಫೈಲುಗಳನ್ನು ಡೈರೆಕ್ಟರಿಯ ಪಟ್ಟಿಯಿಂದ ಸುಮ್ಮನೆ ಕೈಬಿಡುತ್ತಿತ್ತು. ಬ್ಯಾಕಪ್ ಪ್ರೋಗ್ರಾಮ್ ಬರೆಯುವವರಿಗೆ ಇದು ಎಂಥ ಅಪಾಯ! 3.1ರಲ್ಲಿ ಅದನ್ನು ಸರಿಪಡಿಸಿದರು. ರಸ್ಟ್ ಮೊದಲಿನಿಂದಲೂ ಫೈಲಿನ ಹೆಸರಿಗೆ ಬೇರೆಯದೇ ಟೈಪ್ ಇಟ್ಟಿದೆ. ಹೊಸಬರಿಗೆ ಅದು ಕಿರಿಕಿರಿ, ಒಪ್ಪುತ್ತೇನೆ. ಆದರೂ ನನ್ನ ಮತ ಅದಕ್ಕೇ. ಕನ್ನಡದಲ್ಲಿ ಬರೆಯುವ ನಮಗಂತೂ ಈ ನಿಜ ತಟ್ಟದೆ ಬಿಡುವುದಿಲ್ಲ: ‘ಕ್ಷ’ ಕಣ್ಣಿಗೆ ಒಂದಕ್ಷರ, ಪೈಥಾನಿನ ಲೆಕ್ಕಕ್ಕೆ 3, ಯುಟಿಎಫ್-8ರಲ್ಲಿ 9 ಬೈಟು. ಲಿನಕ್ಸಿನ ಇಎಕ್ಸ್‌ಟಿ4 ಫೈಲ್ ಸಿಸ್ಟಮ್ಮಿನಲ್ಲಿ ಹೆಸರಿಗಿರುವ ಮಿತಿ 255 ಬೈಟು. ಅಂದರೆ ಕನ್ನಡದ ಚಿಹ್ನೆಗಳು 85 ಮಾತ್ರ. ಒಂದು ಉದ್ದನೆಯ ಲೇಖನದ ಶೀರ್ಷಿಕೆಯನ್ನೇ ಫೈಲಿಗಿಟ್ಟರೆ ಅದು ಈ ಮಿತಿಯನ್ನು ದಾಟಿಹೋಗಬಹುದು. ಉದ್ದ ಎಂದರೆ ಯಾವ ಉದ್ದ ಎಂದು ಲೈಬ್ರರಿ ಕೇಳಿದರೆ ಈ ತಪ್ಪು ಬರೆಯುವಾಗಲೇ ಸಿಕ್ಕಿಬೀಳುತ್ತದೆ.

ಎಲ್ಲವನ್ನೂ ಹೊರಗಿಟ್ಟರೆ ಬರುವ ಕಷ್ಟವೂ ಸಣ್ಣದಲ್ಲ. 2016ರಲ್ಲಿ ‘ಲೆಫ್ಟ್-ಪ್ಯಾಡ್’ ಎಂಬ ಹನ್ನೊಂದು ಸಾಲಿನ ಪ್ಯಾಕೇಜನ್ನು ಅದರ ಲೇಖಕರು ಎನ್‌ಪಿಎಮ್ ಎಂಬ ಪ್ಯಾಕೇಜು ಭಂಡಾರದಿಂದ ಹಿಂತೆಗೆದುಕೊಂಡಾಗ ಜಾವಾಸ್ಕ್ರಿಪ್ಟಿನ ಎಷ್ಟೋ ಪ್ರಾಜೆಕ್ಟುಗಳು ಬಿಲ್ಡ್ ಆಗದೆ ನಿಂತವು. ಹೊರಗಿನ ಪ್ಯಾಕೇಜುಗಳಿಗೆ ಅನುಮತಿಯೇ ಇಲ್ಲದ ಕಚೇರಿಗಳೂ ಇವೆ. ಅಲ್ಲಿನವರಿಗೆ ಪೈಥಾನಿನ ತುಂಬಿದ ಬುಟ್ಟಿಯೇ ಆಸರೆ. ಆ ಪೈಥಾನ್ ಕೂಡ 2024ರ 3.13ರಲ್ಲಿ ಟೆಲ್ನೆಟ್, ಸಿಜಿಐ ಸೇರಿ 19 ಮಾಡ್ಯೂಲುಗಳನ್ನು, ಎರಡು ಆವೃತ್ತಿಗಳ ಮುಂಚೆಯೇ ಎಚ್ಚರಿಕೆ ಕೊಟ್ಟು, ತೆಗೆದುಹಾಕಿತು. ಎಲ್ಲವನ್ನೂ ತುಂಬುವುದು, ಎಲ್ಲವನ್ನೂ ಹೊರಗಿಡುವುದು, ಇವೆರಡರ ನಡುವೆ ಗೋ ಭಾಷೆ ಹಿಡಿದ ದಾರಿ ನನಗೆ ಹಿಡಿಸಿದೆ. 2012ರ ಗೋ 1 ತನ್ನ ಸ್ಟ್ಯಾಂಡರ್ಡ್ ಲೈಬ್ರರಿಯ ಮೇಲೆ ನಿಂತ ಕೋಡನ್ನು ಮುರಿಯುವುದಿಲ್ಲವೆಂದು ಮಾತು ಕೊಟ್ಟಿತು. ಇನ್ನೂ ಪಳಗದ ಪ್ಯಾಕೇಜುಗಳನ್ನು ಅದೇ ಯೋಜನೆಯವರು ‘ಎಕ್ಸ್’ ಎಂಬ ಬೇರೆ ಸಂಗ್ರಹದಲ್ಲಿಟ್ಟು ನೋಡಿಕೊಳ್ಳುತ್ತಾರೆ. ಆ ಮಾತು ಅಷ್ಟು ಬಿಗಿಯಾಗಿ ಅವಕ್ಕೆ ಅನ್ವಯಿಸುವುದಿಲ್ಲ. ‘ಕಾಂಟೆಕ್ಸ್ಟ್’ ಪ್ಯಾಕೇಜು ಅಲ್ಲೇ ಹದಗೊಂಡು 2016ರಲ್ಲಿ ಗೋ 1.7ರ ಒಳಗೆ ಬಂತು.