ಹಾಡ್ಯಾಡಿ ಅಳುವವರು

2025ರ ಮಾರ್ಚ್ ತಿಂಗಳ ಒಂದು ರಾತ್ರಿ ಮುಂಬಯಿಯ ಮಹಾಲಕ್ಷ್ಮಿ ರೇಸ್‌ಕೋರ್ಸಿನಲ್ಲಿ ನಿಂತು ಗ್ರೀನ್ ಡೇ ಬ್ಯಾಂಡಿನ ಹಾಡು ಕೇಳಿದೆ. ಲೊಲಾಪಲೂಜಾ ಸಂಗೀತೋತ್ಸವಕ್ಕೆ ಅವರು ಬಂದಿದ್ದರು. ಹುಬ್ಬಳ್ಳಿಯ ಹಾಸ್ಟೆಲಿನಲ್ಲಿ, ಫುಟ್‌ಪಾತಿನಲ್ಲಿ ಕೊಂಡ ಎಂಪಿತ್ರೀ ಸಿಡಿ ಹಾಕಿ ಅವರ ‘ಅಮೆರಿಕನ್ ಈಡಿಯಟ್’ ಕೇಳುತ್ತಿದ್ದ ನನಗೆ ಅದು ಇಪ್ಪತ್ತು ವರ್ಷ ಕಾದು ಪಡೆದ ರಾತ್ರಿ. ಪಕ್ಕದಲ್ಲಿ ನನ್ನದೇ ವಯಸ್ಸಿನ ಒಬ್ಬರು ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತಿದ್ದರು. ಹಾಡಿನ ಅಕ್ಷರ ಅಕ್ಷರವೂ ಅಪ್ಪನ ಬಾಯಲ್ಲಿತ್ತು, ಮಗಳು ಅಪ್ಪನ ಕೂದಲು ಹಿಡಿದು ಕುಣಿಯುತ್ತಿದ್ದಳು. ವೇದಿಕೆಯ ಮೇಲಿದ್ದ ಬ್ಯಾಂಡಿನ ಹಾಡುಗಾರ ಬಿಲ್ಲೀ ಜೋ ಆರ್ಮ್‌ಸ್ಟ್ರಾಂಗ್‌ಗೆ ಆಗ ಐವತ್ಮೂರು.

ಅವರು ಹಾಡುವ ಪಾಪ್ ಪಂಕ್ ಎನ್ನುವುದು ಹದಿನೇಳರ ಹುಡುಗರ ಸಂಗೀತ ಎಂದೇ ಎಲ್ಲರೂ ತಿಳಿದಿದ್ದರು. ಮೂರೋ ನಾಲ್ಕೋ ಕಾರ್ಡ್, ಓಡುವ ಡ್ರಮ್ಸ್, ಒಮ್ಮೆ ಕೇಳಿದರೆ ಬಾಯಿಗೆ ಬರುವ ಧಾಟಿ, ಊರು ಬಿಟ್ಟು ಹೋಗಬೇಕೆಂಬ ಹಟ. ಆ ಹುಡುಗರಿಗೆಲ್ಲ ಈಗ ನಲವತ್ತು, ಐವತ್ತು ದಾಟಿದೆ. ಅವರು ಇನ್ನೂ ಹಾಡುತ್ತಿದ್ದಾರೆ, ನಾವು ಇನ್ನೂ ಕೇಳುತ್ತಿದ್ದೇವೆ. ಆದ್ದರಿಂದ ಹೊಸ ಆಲ್ಬಂ ಬಂದಾಗಲೆಲ್ಲ ನಾನು ಮೊದಲು ಹುಡುಕುವುದು ಒಂದನ್ನೇ: ದನಿಗೆ ಅದರ ಒಡೆಯನಷ್ಟೇ ವಯಸ್ಸಾಗಿದೆಯೇ? ಆಗಿದ್ದರೆ ಉಳಿದ ಕೊರತೆಗಳನ್ನೆಲ್ಲ ಮನ್ನಿಸುತ್ತೇನೆ.

ಗ್ರೀನ್ ಡೇಯ ‘ಸೇವಿಯರ್ಸ್’ 2024ರ ಜನವರಿಯಲ್ಲಿ ಬಂತು. ‘ಡೂಕಿ’ ಮತ್ತು ‘ಅಮೆರಿಕನ್ ಈಡಿಯಟ್’ ಮಾಡಿಸಿದ ರಾಬ್ ಕವಾಲೋ ಅವರೇ ಇದಕ್ಕೂ ನಿರ್ಮಾಪಕ. ಆಲ್ಬಂ ಪೂರ್ತಿ ನನಗೆ ಹಿಡಿಸಲಿಲ್ಲ, ಕೆಲವು ಹಾಡು ಅವರದೇ ಹಳೆಯ ಹಾಡುಗಳ ನೆರಳು. ಆದರೆ ‘ಫಾದರ್ ಟು ಎ ಸನ್’ ಎಂಬ ಹಾಡು ನನ್ನನ್ನು ಹಿಡಿದು ನಿಲ್ಲಿಸಿತು. ಬಿಲ್ಲೀ ಜೋಗೆ ಹತ್ತು ವರ್ಷವಾಗಿದ್ದಾಗ, 1982ರ ಸೆಪ್ಟೆಂಬರಿನಲ್ಲಿ, ಅವರ ಅಪ್ಪ ಕ್ಯಾನ್ಸರಿನಿಂದ ತೀರಿಕೊಂಡರು. ‘ವೇಕ್ ಮಿ ಅಪ್ ವೆನ್ ಸೆಪ್ಟೆಂಬರ್ ಎಂಡ್ಸ್’ ಹುಟ್ಟಿದ್ದು ಆ ಸಾವಿನಿಂದ, 2004ರ ‘ಅಮೆರಿಕನ್ ಈಡಿಯಟ್’ ಆಲ್ಬಮಿನಲ್ಲಿ. ಅಲ್ಲಿ ಹಾಡಿದವನು ಮಗ. ಇಪ್ಪತ್ತು ವರ್ಷದ ಮೇಲೆ ಇಲ್ಲಿ ಹಾಡುವವನು ಅಪ್ಪ. ತಾನು ತಪ್ಪಿದ್ದೆಲ್ಲಿ, ಮಗನಿಗೆ ಕೊಡಬೇಕಾದದ್ದು ಏನು ಎಂದು ತಡವರಿಸುವ ಅಪ್ಪ. ಎರಡನ್ನೂ ಒಂದರ ಹಿಂದೆ ಒಂದು ಕೇಳಿ ನೋಡಿ. ನಾನು ಕೇಳಿದ ರಾತ್ರಿ ತಡವಾಗಿದ್ದರೂ ನನ್ನ ಅಪ್ಪನಿಗೆ ಫೋನ್ ಮಾಡಿದೆ.

ಬ್ಲಿಂಕ್-182ರ ‘ಒನ್ ಮೋರ್ ಟೈಮ್’ ಬಗ್ಗೆ ನನಗೆ ಪ್ರೀತಿಯೂ ಇದೆ, ಬೇಸರವೂ ಇದೆ. 2015ರಲ್ಲಿ ಬ್ಯಾಂಡ್ ಬಿಟ್ಟಿದ್ದ ಟಾಮ್ ಡಿಲಾಂಗ್ ಮರಳಿ ಬಂದು 2023ರ ಅಕ್ಟೋಬರಿನಲ್ಲಿ ಹೊರಬಂದ ಆಲ್ಬಂ ಇದು. ಮಾರ್ಕ್ ಹಾಪಸ್ 2021ರಲ್ಲಿ ಕ್ಯಾನ್ಸರಿನೊಂದಿಗೆ ಸೆಣಸಿ ಗೆದ್ದವರು. ಟ್ರಾವಿಸ್ ಬಾರ್ಕರ್ 2008ರಲ್ಲಿ, ನಾಲ್ವರ ಪ್ರಾಣ ತೆಗೆದ ವಿಮಾನ ಅಪಘಾತದಿಂದ ಮೈಸುಟ್ಟುಕೊಂಡು ಬದುಕಿ ಬಂದವರು. ನಾವು ಒಂದಾಗಲು ಪ್ರತಿಸಲವೂ ಒಂದು ದುರಂತವೇ ನಡೆಯಬೇಕೇ ಎಂದು ಶೀರ್ಷಿಕೆಯ ಹಾಡಿನಲ್ಲಿ ಈ ಮೂವರು ಗೆಳೆಯರು ಕೇಳಿಕೊಳ್ಳುತ್ತಾರೆ. ಅದನ್ನು ಕೇಳುವಾಗ ಮಾತು ಬಿಟ್ಟ ಗೆಳೆಯನೊಬ್ಬನ ಮುಖ ಕಣ್ಣ ಮುಂದೆ ಬರುತ್ತದೆ. ಆದರೆ ಉಳಿದ ಎಷ್ಟೋ ಹಾಡುಗಳು ತಮ್ಮ ಹರೆಯದ ದಿನಗಳಿಗೆ, 1999ಕ್ಕೆ, ಓಡಿಹೋಗಲು ನೋಡುತ್ತವೆ. ಡ್ರಮ್ಸ್ ಎಷ್ಟು ಕಿಕ್ಕಿರಿದಿದೆಯೆಂದರೆ ದನಿಗೆ ಉಸಿರಾಡಲು ಜಾಗವೇ ಇಲ್ಲ. ಇಷ್ಟೆಲ್ಲ ಕಂಡು ಬಂದವರು ಏನೂ ಕಾಣದವರಂತೆ ಹಾಡಿದರೆ ನನಗೆ ನೋವಾಗುತ್ತದೆ.

ಈ ಅಳತೆಗೆ ತುಂಬಿ ನಿಲ್ಲುವ ಪಾಪ್ ಪಂಕ್ ಆಲ್ಬಂ ಎಂದರೆ, ನನ್ನ ಮಟ್ಟಿಗೆ, ದಿ ವಂಡರ್ ಇಯರ್ಸ್ ಬ್ಯಾಂಡಿನ ‘ದಿ ಹಮ್ ಗೋಸ್ ಆನ್ ಫಾರೆವರ್’. ಬಂದದ್ದು 2022ರಲ್ಲಿ, ಹೊಸತು ಎನ್ನಲು ಸ್ವಲ್ಪ ಹಳತು. ಆದರೂ ನನ್ನ ಮನೆಯಲ್ಲಿ ಅದು ಇನ್ನೂ ಹೊಸತೇ. ಪೆನ್ಸಿಲ್ವೇನಿಯಾದ ಲ್ಯಾನ್ಸ್‌ಡೇಲ್ ಊರಿನ ಹುಡುಗರಿವರು. 2010ರ ‘ದಿ ಅಪ್‌ಸೈಡ್ಸ್’ನಲ್ಲಿ ದುಃಖಕ್ಕೆ ಸೋಲುವುದಿಲ್ಲ ಎಂದು ಎದೆ ಸೆಟೆಸಿದ್ದ ಡ್ಯಾನ್ ಕ್ಯಾಂಬೆಲ್ ಇಲ್ಲಿ ಅಪ್ಪನಾಗಿದ್ದಾರೆ, ದುಃಖ ಹೋಗಿಲ್ಲ. ಮನೆಯ ಹಳೆಯ ಫ್ರಿಜ್ಜಿನ ಗುಂಯ್‌ಗುಡುವಿಕೆಯ ಹಾಗೆ ಅದು ಸದಾ ಹಿನ್ನೆಲೆಯಲ್ಲಿದೆ. ಹೆಸರಿನಲ್ಲಿರುವ ‘ಹಮ್’ ನನಗೆ ಹಾಗೆಯೇ ಕೇಳುತ್ತದೆ. ಮಗು ಎದ್ದಿದೆ, ಎತ್ತಿಕೊಳ್ಳಬೇಕು, ಕುಗ್ಗಿ ಕೂರಲು ಈಗ ಬಿಡುವಿಲ್ಲ. ಖಿನ್ನತೆಯ ಬಗ್ಗೆ ಇಷ್ಟು ಮನೆಮಟ್ಟದ, ಇಷ್ಟು ಪ್ರಾಮಾಣಿಕ ಹಾಡುಗಳನ್ನು ನಾನು ಬೇರೆಲ್ಲೂ ಕೇಳಿಲ್ಲ.

ಪಂಕ್‌ನ ಇನ್ನೊಂದು ಕವಲಾದ ಪೋಸ್ಟ್ ಹಾರ್ಡ್‌ಕೋರ್‌ನ ಮಾತು ಬೇರೆ. ಎಂಬತ್ತರ ದಶಕದ ನಡುವಿನಲ್ಲಿ ವಾಷಿಂಗ್ಟನ್ ಡಿ.ಸಿ.ಯ ಪಂಕ್ ಹುಡುಗರಿಗೆ ಬರೀ ಸಿಟ್ಟು ಸಾಲದೆನಿಸಿತು. ರೈಟ್ಸ್ ಆಫ್ ಸ್ಪ್ರಿಂಗ್ ಬ್ಯಾಂಡ್ 1985ರಲ್ಲಿ ಅದೇ ವೇಗ, ಅದೇ ಗದ್ದಲದೊಳಗೆ ಅಳುವನ್ನು ತಂದಿತು. ಆ ಬಳಿಕ ಬಂದ ಫುಗಾಜಿ ಹಾಡಿನ ಕಟ್ಟನ್ನೇ ಸಡಿಲಿಸಿ, ಐದು ಡಾಲರಿನ ಟಿಕೆಟ್ಟಿನಲ್ಲಿ ಊರೂರು ತಿರುಗಿತು. ಅಲ್ಲಿಂದ ಇಲ್ಲಿಯವರೆಗೂ ಈ ಸಂಗೀತದ ನಡುಮನೆಯಲ್ಲಿ ಇರುವುದು ಕೂಗು. ಇದನ್ನು ಕಿರುಚಾಟ ಎಂದು ತಳ್ಳಿಹಾಕುವವರ ಜೊತೆ ನಾನು ಬಹಳ ವರ್ಷ ವಾದ ಮಾಡಿದ್ದೇನೆ. ಆ ವಾದವನ್ನು ಮುಗಿಸಿದ್ದು ನಮ್ಮವ್ವ.

ಲಾಸ್ ಏಂಜಲೀಸಿನ ಟೂಶೇ ಅಮೋರೇ ಬ್ಯಾಂಡಿನ ‘ಸ್ಟೇಜ್ ಫೋರ್’ 2016ರದ್ದು. ಹಾಡುಗಾರ ಜೆರೆಮಿ ಬೋಲ್ಮ್ ಅವರ ತಾಯಿ 2014ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡಾಗ ಅವರು ಫ್ಲಾರಿಡಾದಲ್ಲಿ ವೇದಿಕೆಯ ಮೇಲಿದ್ದರು. ಅಮ್ಮ ಫೋನಿನಲ್ಲಿ ಬಿಟ್ಟುಹೋದ ಕೊನೆಯ ಸಂದೇಶವನ್ನು ಕೇಳಲು ಇನ್ನೂ ಧೈರ್ಯ ಬಂದಿಲ್ಲ ಎಂದು ಆಲ್ಬಮಿನ ಆರಂಭದಲ್ಲೇ ಹೇಳುತ್ತಾರೆ. ಆಲ್ಬಂ ಮುಗಿಯುವುದು ಆ ಸಂದೇಶದಿಂದಲೇ. ಅದರಲ್ಲಿ ದೊಡ್ಡ ಮಾತೇನೂ ಇಲ್ಲ, ತಾಯಿ ಮಗನಿಗೆ ಹೇಳುವ ದಿನನಿತ್ಯದ ಮಾತು, ಅಷ್ಟೆ. ಊರಿನ ಮನೆಯಲ್ಲಿ ಒಂದು ಮಧ್ಯಾಹ್ನ ಇದನ್ನು ಸ್ಪೀಕರಿಗೆ ಹಾಕಿದ್ದೆ. ಅಡುಗೆಮನೆಯಿಂದ ಅವ್ವ ಬಂದು ಬಾಗಿಲಲ್ಲಿ ನಿಂತಳು. ಇಂಗ್ಲಿಷ್ ಅವಳಿಗೆ ಬಾರದು.

“ಯಾರ ಸತ್ತಾರೋ ಅವಂಗ?” ಎಂದಳು.

“ಅವರವ್ವ” ಎಂದೆ.

“ಅದಕ್ಕ ಹಂಗ ಹಾಡ್ಯಾಡಿ ಅಳಾಕತ್ತಾನ” ಎಂದು ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಅಲ್ಲೇ ಕೂತಳು.

ನಮ್ಮ ಕಡೆ ಹೆಣದ ಮುಂದೆ ಹೆಂಗಸರು ಬರೀ ಅಳುವುದಿಲ್ಲ, ಹಾಡ್ಯಾಡಿ ಅಳುತ್ತಾರೆ. ಸತ್ತವರ ಗುಣ, ಆಡಿದ ಮಾತು, ಉಳಿದ ಸಾಲ, ತಿನ್ನದೇ ಬಿಟ್ಟ ಊಟ, ಎಲ್ಲವನ್ನೂ ರಾಗಕ್ಕೂ ಕೂಗಿಗೂ ನಡುವಿನ ಒಂದು ದನಿಯಲ್ಲಿ ಹೇಳಿಕೊಳ್ಳುತ್ತಾರೆ. ಅಜ್ಜ ಹೋದಾಗ ನಮ್ಮಜ್ಜಿಯ ಗಂಟಲು ಒಡೆದದ್ದು ನನಗೆ ನೆನಪಿದೆ. ಯಾರೂ ಅವಳನ್ನು ಸುಮ್ಮನಿರಿಸಲಿಲ್ಲ. ಇಷ್ಟು ವರ್ಷ ನಾನು ಹೆಡ್‌ಫೋನಿನಲ್ಲಿ ಕೇಳುತ್ತ ಬಂದದ್ದು ಆ ದನಿಯನ್ನೇ ಎಂದು ನನಗೆ ಅವತ್ತು ಹೊಳೆಯಿತು.

2025ರ ಸೆಪ್ಟೆಂಬರಿನಲ್ಲಿ ಲಾ ಡಿಸ್ಪ್ಯೂಟ್ ಬ್ಯಾಂಡಿನ ‘ನೋ ಒನ್ ವಾಸ್ ಡ್ರೈವಿಂಗ್ ದ ಕಾರ್’ ಬಂತು. ಆರು ವರ್ಷದ ಬಳಿಕ ಅವರ ಮೊದಲ ಆಲ್ಬಂ, ಹದಿನಾಲ್ಕು ಹಾಡು. ಮಿಶಿಗನ್ನಿನ ಗ್ರ್ಯಾಂಡ್ ರ್‍ಯಾಪಿಡ್ಸ್ ಅವರ ಊರು. ನದಿ, ಡಚ್ ವಲಸೆಗಾರರ ಕಟ್ಟುನಿಟ್ಟಿನ ಚರ್ಚು, ಪೀಠೋಪಕರಣದ ಕಾರ್ಖಾನೆಗಳು, ಇವುಗಳ ಮೇಲೆ ಬೆಳೆದ ಊರದು. ಜೋರ್ಡನ್ ಡ್ರೇಯರ್ ಹಾಡುವುದಕ್ಕಿಂತ ಹೆಚ್ಚಾಗಿ ಕತೆ ಹೇಳುತ್ತಾರೆ. ಮೆಲ್ಲನೆ ಮಾತಿನಂತೆ ಶುರುವಾಗಿ, ಏರಿ, ಕೊನೆಗೆ ಒಡೆಯುತ್ತದೆ. ಎಂಟು ನಿಮಿಷ ಮೀರಿದ ‘ಎನ್ವಿರಾನ್‌ಮೆಂಟಲ್ ಕೆಟಾಸ್ಟ್ರಫಿ ಫಿಲ್ಮ್’ ಹಾಡನ್ನು ನಾನು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ಪಾಲ್ ಶ್ರೇಡರ್ ಅವರ ‘ಫಸ್ಟ್ ರಿಫಾರ್ಮ್ಡ್’ ಚಿತ್ರ ಈ ಆಲ್ಬಮಿನ ಪ್ರೇರಣೆಗಳಲ್ಲೊಂದು. ಚಿತ್ರದ ಪಾದ್ರಿಯ ಹಾಗೆ ಇದೂ ನಂಬಿಕೆ ಮತ್ತು ಹತಾಶೆಯ ನಡುವೆ ಕಂದೀಲು ಹಿಡಿದು ನಡೆಯುತ್ತದೆ.

ಆಲ್ಬಮಿನ ಹೆಸರು ಎಲ್ಲಿಂದ ಬಂತೆಂದರೆ, 2021ರಲ್ಲಿ ಟೆಕ್ಸಾಸಿನಲ್ಲಿ ಒಂದು ಟೆಸ್ಲಾ ಕಾರು ಮರಕ್ಕೆ ಗುದ್ದಿ ಉರಿದು ಇಬ್ಬರು ಸತ್ತರು. ಕಾರು ನಡೆಸುತ್ತಿದ್ದವರು ಯಾರೂ ಇರಲಿಲ್ಲ ಎಂದು ಆಗ ಪೊಲೀಸರು ಹೇಳಿದ ಮಾತೇ ಹೆಸರಾಯಿತು. ತಮ್ಮ ಬದುಕಿನ ಚುಕ್ಕಾಣಿ ಯಾರ ಕೈಯಲ್ಲೂ ಇಲ್ಲ ಎನ್ನುವ ಭಯ ಹಾಡು ಹಾಡಿನಲ್ಲೂ ಇದೆ. ಆದರೆ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಎರಡು ವರ್ಷ ತನಿಖೆ ಮಾಡಿ ಬೇರೆ ಮಾತು ಹೇಳಿತು: ಚಾಲಕನ ಸೀಟಿನಲ್ಲಿ ಮನುಷ್ಯ ಇದ್ದ, ಕುಡಿದಿದ್ದ, ವೇಗ ಮಿತಿಮೀರಿತ್ತು. ಇದನ್ನು ಓದಿದ ಮೇಲೆ ಆಲ್ಬಂ ನನಗೆ ಇನ್ನೂ ಹತ್ತಿರವಾಯಿತು. ಯಾರೂ ನಡೆಸುತ್ತಿಲ್ಲ ಎನ್ನುವುದು ಒಂದು ಭಯ. ನಡೆಸುತ್ತಿದ್ದವನು ನಾನೇ ಎಂದು ತಡವಾಗಿ ಗೊತ್ತಾಗುವುದು ಅದಕ್ಕಿಂತ ದೊಡ್ಡ ಭಯ. ಡ್ರೇಯರ್ ಅವರ ದನಿ ಒಡೆಯುವ ಜಾಗಗಳಲ್ಲಿ ಈಗ ನನಗೆ ಎರಡೂ ಕೇಳುತ್ತವೆ.

ಟರ್ನ್‌ಸ್ಟೈಲ್ ಬ್ಯಾಂಡಿನ ‘ನೆವರ್ ಇನಫ್’ ಕೂಡ 2025ರದ್ದೇ, ಕುಣಿಯಲು ಸೊಗಸಾಗಿದೆ. ಅದರ ಹೊಳಪು ಮಾತ್ರ ನನ್ನೊಳಗೆ ಇಳಿಯಲಿಲ್ಲ.

ದೀಪಾವಳಿಗೆ ಊರಿಗೆ ಹೋಗಿದ್ದೆ. ಕಟ್ಟೆಯ ಮೇಲೆ ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದ ಅವ್ವ ತಾನಾಗಿಯೇ ಕೇಳಿದಳು: “ಅಂವಾ, ಅವ್ವನ್ನ ಕಳಕೊಂಡಂವ, ಈಗ ಹೆಂಗ ಅದಾನ?”

ಟೂಶೇ ಅಮೋರೇಯ ‘ಸ್ಪೈರಲ್ ಇನ್ ಎ ಸ್ಟ್ರೇಟ್ ಲೈನ್’ 2024ರ ಅಕ್ಟೋಬರಿನಲ್ಲಿ ಬಂದಿತ್ತು. ಗಿಟಾರುಗಳು ಮೊದಲಿಗಿಂತ ಇಂಪಾಗಿವೆ, ಹಾಡುಗಳ ನಡುವೆ ಗಾಳಿಯಾಡುತ್ತದೆ. ‘ಸ್ಟೇಜ್ ಫೋರ್’ನ ಕೊನೆಯ ಹಾಡಿಗೆ ದನಿಗೂಡಿಸಿದ್ದ ಜೂಲಿಯನ್ ಬೇಕರ್ ಇಲ್ಲಿಯ ಕೊನೆಯ ಹಾಡಿಗೂ ಮರಳಿ ಬಂದಿದ್ದಾರೆ. ಅದೇ ಹಾಡನ್ನು ಫೋನಿನಲ್ಲಿ ಹಾಕಿ ಅವಳ ಪಕ್ಕ ಇಟ್ಟೆ. ಸೊಪ್ಪು ಬಿಡಿಸುತ್ತಲೇ ಕೊನೆಯವರೆಗೂ ಕೇಳಿದಳು.

“ದನಿ ಸ್ವಲ್ಪ ಹಗೂರ ಆಗೇತಿ” ಎಂದಳು. ಆಮೇಲೆ, “ಇನ್ನೊಮ್ಮೆ ಹಚ್ಚು.”