ಒಲೆಯ ಮುಂದಿನ ಸೆಕೆಗೂ ಲೆಕ್ಕ ಬೇಕು

ಮೇ ತಿಂಗಳು ಬಂತೆಂದರೆ ನಾಗಪುರದ ಹೆಸರು ದೇಶದ ಪತ್ರಿಕೆಗಳಲ್ಲೆಲ್ಲ ಕಾಣಿಸಿಕೊಳ್ಳುತ್ತದೆ. ಇಲ್ಲಿಯ ಹೋಟೆಲುಗಳಲ್ಲಿ ದುಡಿಯುವ ನಮಗೆ ಊರಿನಿಂದ ಫೋನು ಬರುವುದೂ ಆಗಲೇ. “ಅಲ್ಲಿ ಇವತ್ತು ಎಷ್ಟು ಡಿಗ್ರಿ ಮಾರಾಯ?” ಎಂದು ಕೇಳುತ್ತಾರೆ. ನಾವೂ ಹೇಳುತ್ತೇವೆ, ಅವರೂ ‘ಅಯ್ಯೋ’ ಎನ್ನುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ. ಆದರೆ ಕಾರ್ಮಿಕ ಬಂಧುಗಳು ತಿಳಿಯಬೇಕಾದ ಅಂಕಿಗಳು ಬೇರೆ ಎರಡಿವೆ. ಒಂದು, ವರ್ಷಗಳು ಉರುಳಿದಂತೆ ಏರುತ್ತಿರುವ ಸರಾಸರಿ ಉಷ್ಣತೆ. ಇನ್ನೊಂದು, ನಮ್ಮ ಹೋಟೆಲುಗಳಲ್ಲಿ ಅಳೆಯದೆ ಬಿಟ್ಟಿರುವ ಅಡಿಗೆಮನೆಯ ಬಿಸಿ.

2024ರ ಮೇ 30ರಂದು ನಾಗಪುರದ ಒಂದು ಸ್ವಯಂಚಾಲಿತ ಹವಾಮಾನ ಕೇಂದ್ರವು 56 ಡಿಗ್ರಿ ತೋರಿಸಿತು. ಸುದ್ದಿ ಊರೂರಿಗೆ ಹಬ್ಬಿತು. ಆಮೇಲೆ ಹವಾಮಾನ ಇಲಾಖೆಯವರು, ಉಪಕರಣ ಕೆಟ್ಟಿದ್ದರಿಂದ ಹೀಗಾಯಿತೆಂದು ತಿಳಿಸಿದರು. “ನೋಡಿದಿರಾ, ಸೆಕೆಯ ಕೂಗೆಲ್ಲ ಇಷ್ಟೇ” ಎಂದು ನಕ್ಕವರೂ ಉಂಟು. ಅವರಿಗೆ ನಮ್ಮ ಉತ್ತರ ಗಲ್ಲಾಪೆಟ್ಟಿಗೆಯ ಭಾಷೆಯಲ್ಲಿಯೇ ಇದೆ. ದೀಪಾವಳಿಯ ಒಂದು ದಿನದ ವ್ಯಾಪಾರ ನೋಡಿ ಹೋಟೆಲು ಏಳಿಗೆಯಾಗಿದೆಯೆಂದು ಯಾವ ಮಾಲಿಕರೂ ಹೇಳುವುದಿಲ್ಲ. ಹತ್ತಾರು ವರ್ಷದ ಲೆಕ್ಕದ ಪುಸ್ತಕ ತೆರೆಯುತ್ತಾರೆ. ಹವೆಯ ಲೆಕ್ಕವೂ ಹಾಗೆಯೇ.

ಆ ಪುಸ್ತಕ ಏನು ಹೇಳುತ್ತದೆ? 1901ರಿಂದ 2018ರವರೆಗೆ ಭಾರತದ ಸರಾಸರಿ ಉಷ್ಣತೆ ಸುಮಾರು 0.7 ಡಿಗ್ರಿ ಏರಿದೆಯೆಂದು ಕೇಂದ್ರ ಸರಕಾರದ ಭೂವಿಜ್ಞಾನ ಸಚಿವಾಲಯವೇ 2020ರಲ್ಲಿ ವರದಿ ಕೊಟ್ಟಿತು. 1901ರಿಂದ ಇಟ್ಟ ದಾಖಲೆಯಲ್ಲಿ 2024 ಅದುವರೆಗಿನ ಅತ್ಯಂತ ಬಿಸಿಯಾದ ವರ್ಷವಾಯಿತು. ಮುಕ್ಕಾಲು ಡಿಗ್ರಿ ಕೂಡ ಇಲ್ಲವಲ್ಲ, ಇದೇನು ಮಹಾ ಎನ್ನಬೇಡಿ. 0.7 ಸೆಂಟಿಗ್ರೇಡ್ ಎಂದರೆ ಫ್ಯಾರನ್‌ಹೀಟ್ ಲೆಕ್ಕದಲ್ಲಿ ಒಂದೂಕಾಲು ಡಿಗ್ರಿ. ಮನುಷ್ಯನ ಮೈಯ ಬಿಸಿ ಸದಾಕಾಲ ಅಷ್ಟು ಏರಿಯೇ ಇದ್ದರೆ ಮನೆಯವರು ಸುಮ್ಮನಿರುತ್ತಾರೆಯೇ? ಸರಾಸರಿ ಸ್ವಲ್ಪ ಸರಿದರೂ ಸುಡುವ ದಿನಗಳ ಎಣಿಕೆ ಬೆಳೆಯುತ್ತದೆ.

ನಮ್ಮ ಹಿರಿಯ ಅಡಿಗೆ ಭಟ್ಟರು, “ನೌತಪಾ ಮೊದಲೂ ಇತ್ತು, ಈಗಲೂ ಇದೆ” ಎನ್ನುತ್ತಾರೆ. ನಿಜ. ಊರಿನಲ್ಲಿ ರೋಹಿಣಿ ಎಂದರೆ ಮಳೆಯ ಕಡೆ ಕಣ್ಣು. ಇಲ್ಲಿ ಸೂರ್ಯ ಅದೇ ರೋಹಿಣಿಗೆ ಬಂದಾಗ ಒಂಬತ್ತು ದಿನ ಬೆಂಕಿ. ಸಮುದ್ರದಿಂದ ದೂರವಿರುವ ಈ ನಗರದಲ್ಲಿ ಮೇ ತಿಂಗಳ ಸಾಮಾನ್ಯ ಹಗಲು ಬಿಸಿಯೇ 42 ಡಿಗ್ರಿ ದಾಟುತ್ತದೆ. ಆದರೆ ಮೊದಲೇ ತುಂಬಿದ ಪಾತ್ರೆಗೆ ಒಂದು ಲೋಟ ಹೊಯ್ದರೂ ಚೆಲ್ಲುತ್ತದೆ. ತಂಪು ಊರಿನಲ್ಲಿ ಅರ್ಧ ಡಿಗ್ರಿ ಏರಿದ್ದಕ್ಕೂ ನಾಗಪುರದಲ್ಲಿ ಏರಿದ್ದಕ್ಕೂ ವ್ಯತ್ಯಾಸ ಇಷ್ಟೇ.

ಇನ್ನೊಂದು ಮಾತನ್ನು ವಿಶೇಷವಾಗಿ ಗಮನಿಸಬೇಕು. 2024ರಲ್ಲಿ ದೇಶದ ಹಗಲಿನ ಗರಿಷ್ಠ ಉಷ್ಣತೆ 1991–2020ರ ಸರಾಸರಿಗಿಂತ 0.20 ಡಿಗ್ರಿ ಹೆಚ್ಚಿದ್ದರೆ, ರಾತ್ರಿಯ ಕನಿಷ್ಠ ಉಷ್ಣತೆ 0.90 ಡಿಗ್ರಿ ಹೆಚ್ಚಿತ್ತು. ಅಂದರೆ ಹಗಲಿಗಿಂತ ರಾತ್ರಿ ಹೆಚ್ಚು ಕೆಟ್ಟಿತು. ಹಗಲೆಲ್ಲ ಕಾವಲಿಯ ಮುಂದೆ ನಿಂತವನ ಮೈ ತಣಿಯಬೇಕಾದುದು ರಾತ್ರಿ. ತಗಡಿನ ಮಾಡಿನ ಕೆಳಗೆ, ಒಂದು ಫ್ಯಾನಿಗೆ ಎಂಟು ಮಂದಿ ಮಲಗುವ ಕೋಣೆಯಲ್ಲಿ ತಣಿಯುವುದೆಂತು? ಹಗಲು ಕಾದ ಕಾಂಕ್ರೀಟು ರಸ್ತೆ, ಕಾಂಕ್ರೀಟು ಗೋಡೆ ರಾತ್ರಿಯೆಲ್ಲ ಬಿಸಿ ಉಗುಳುತ್ತವೆ. ಬೆಳಗಿನ ನಾಲ್ಕಕ್ಕೆ ಏಳುವ ಹೊತ್ತಿಗೆ ನಿನ್ನೆಯ ದಣಿವೇ ಇಳಿದಿರುವುದಿಲ್ಲ.

ಇಷ್ಟೂ ಅಂಕಿಗಳು ಬಯಲಿನಲ್ಲಿ ನೆರಳು ಮಾಡಿ, ಗಾಳಿಯಾಡುವಂತೆ ಇಟ್ಟ ಉಪಕರಣ ಕಂಡ ಅಂಕಿಗಳು. ನಮ್ಮ ಕೆಲಸದ ಜಾಗ ಅಂಥದಲ್ಲ. ಎದುರಿಗೆ ದೋಸೆ ಕಾವಲಿ, ಪಕ್ಕದಲ್ಲಿ ಎಣ್ಣೆ ಬಾಣಲೆ, ಹಿಂದೆ ಇಡ್ಲಿಯ ಹಬೆ. ಹೊರಗೆ 45 ಇದ್ದರೆ ಒಳಗೆ ಬರುವ ಗಾಳಿಯೇ 45. ಒಲೆಯ ಬಿಸಿ ಅದರ ಮೇಲೆ ಸೇರಬೇಕು. ನಾಗಪುರದ ಲಾವಂಚದ ಕೂಲರು ಹೆಸರಾಂತದ್ದು. ಒಣ ಗಾಳಿಯಲ್ಲಿ ನೀರು ಆರುವುದರಿಂದ ಅದು ತಂಪು ಕೊಡುತ್ತದೆ. ಹಬೆ ತುಂಬಿದ ಅಡಿಗೆಮನೆಯಲ್ಲಿ ಆ ನೀರೂ ಸರಿಯಾಗಿ ಆರುವುದಿಲ್ಲ, ನಮ್ಮ ಬೆವರೂ ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯದು. ತಲೆ ಸುತ್ತು, ವಾಂತಿ, ಕೊನೆಗೆ ಎಚ್ಚರ ತಪ್ಪುವುದು ಹೀಗೆಯೇ. ಗಿರಾಕಿಗಳ ಹಾಲಿನಲ್ಲಿ ಏ.ಸಿ. ಹಾಕಿದರೆ ಅದರ ಬಿಸಿ ಗಾಳಿಯನ್ನು ಹೆಚ್ಚಾಗಿ ಬಿಡುವುದು ಹಿಂದಿನ ಗಲ್ಲಿಗೆ. ಅಡಿಗೆಮನೆಯ ಕಿಟಕಿ ಇರುವುದೂ ಆ ಕಡೆಗೇ.

ಕಾನೂನಿಗೆ ಇದು ಹೊಸ ವಿಷಯವಲ್ಲ. 1948ರ ಕಾರ್ಖಾನೆ ಕಾಯ್ದೆಯ 13ನೆಯ ಕಲಮಿನಲ್ಲಿಯೇ ಗಾಳಿ ಮತ್ತು ಉಷ್ಣತೆಯ ಮಾತಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೃತ್ತಿ ಸುರಕ್ಷತೆಯ ಸಂಹಿತೆಯೂ ಹತ್ತು ಮಂದಿಗೆ ಕಡಿಮೆಯಿಲ್ಲದ ಸಂಸ್ಥೆಗಳಲ್ಲಿ ಗಾಳಿ, ಉಷ್ಣತೆ, ತೇವ ಇವುಗಳನ್ನು ಮಾಲಿಕರ ಹೊಣೆಯೆಂದು ಎಣಿಸುತ್ತದೆ. ಐದಾರು ಮಂದಿಯ ಹೋಟೆಲಿನವನು ಎಲ್ಲಿಗೆ ಹೋಗಬೇಕು? ನಾಗಪುರ ನಗರಪಾಲಿಕೆ 2016ರಿಂದ ಸೆಕೆ ತಡೆಯುವ ಯೋಜನೆ ಮಾಡಿಕೊಂಡು ಬಂದಿದೆ. ಮುನ್ನೆಚ್ಚರಿಕೆ, ಅರವಟ್ಟಿಗೆ ಎಲ್ಲ ಒಳ್ಳೆಯದೇ. ಆದರೆ ಮಧ್ಯಾಹ್ನ ಮನೆಯೊಳಗೇ ಇರಿ ಎಂಬ ಬುದ್ಧಿಮಾತು, ಒಳಗೇ ಬೇಯುತ್ತಿರುವ ಅಡಿಗೆಯವನಿಗೆ ಏನು ಪ್ರಯೋಜನ?

ಮಾಲಿಕರು, “ಸೂರ್ಯನನ್ನು ನಾವು ಆರಿಸಲಾದೀತೆ?” ಎಂದು ಕೇಳಬಹುದು. ಸಣ್ಣ ಮಾಲಿಕರು ತಾವೂ ಕಾವಲಿಯ ಮುಂದೆ ನಿಲ್ಲುತ್ತಾರೆ, ಅವರೂ ಬೆವರುತ್ತಾರೆ. ಇದನ್ನು ನಾವು ಬಲ್ಲೆವು. ಲೋಕದ ಕಲ್ಲಿದ್ದಲ ಹೊಗೆಗೆ ಅವರೊಬ್ಬರೇ ಹೊಣೆಯೆಂದೂ ನಾವು ಹೇಳುವುದಿಲ್ಲ. ಆದರೆ ಕೆಲಸದ ಹೊತ್ತು, ಗಾಳಿಯ ದಾರಿ, ಮಲಗುವ ಜಾಗ ಇವು ಅವರ ಕೈಯಲ್ಲಿವೆ. ಸೆಕೆಯ ದೆಸೆಯಿಂದ 2030ರ ವೇಳೆಗೆ ಭಾರತದಲ್ಲಿ ದುಡಿಮೆಯ ಗಂಟೆಗಳ ಶೇಕಡಾ 5.8 ಭಾಗ ನಷ್ಟವಾದೀತೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2019ರಲ್ಲಿ ಅಂದಾಜು ಮಾಡಿತು. ಈ ನಷ್ಟ ಮಾಲಿಕರಿಗೂ ತಟ್ಟುವುದೇ.

ನಾವು ಕೇಳುವುದು ದೊಡ್ಡದೇನಲ್ಲ. ಪ್ರತಿಯೊಂದು ಅಡಿಗೆಮನೆಯಲ್ಲಿ ಆಳೆತ್ತರದಲ್ಲಿ ಒಂದು ಉಷ್ಣಮಾಪಕ ತೂಗಲಿ. ದಿನಕ್ಕೆ ಮೂರು ಸಲ ನೋಡಿ ಪುಸ್ತಕದಲ್ಲಿ ಬರೆಯಲಿ. ಬಿಸಿಗಾಳಿಯ ಎಚ್ಚರಿಕೆ ಇರುವ ದಿನ ಕಾವಲಿಯ ಮುಂದೆ ಒಬ್ಬನೇ ನಿಲ್ಲದೆ ಸರದಿಯಾಗಲಿ, ಗಿರಾಕಿ ಕಡಿಮೆಯಿರುವ ಮೂರರಿಂದ ಐದರವರೆಗೆ ಒಲೆ ಆರಲಿ. ಹಬೆ ಹೊರಗೆಳೆಯುವ ಫ್ಯಾನು, ಉಪ್ಪು ಹಾಕಿದ ನೀರುಮಜ್ಜಿಗೆ, ರಾತ್ರಿ ಗಾಳಿಯಾಡುವ ಜಾಗ ಇರಲಿ. ಸೆಕೆ ಬಡಿದು ಬಿದ್ದವನ ಆ ದಿನದ ಸಂಬಳ ಕಡಿಯಬಾರದು. ಹತ್ತು ಮಂದಿಗಿಂತ ಕಡಿಮೆ ಇರುವ ಹೋಟೆಲುಗಳನ್ನೂ ಸರಕಾರ ಈ ನಿಯಮದೊಳಗೆ ತರಲಿ.

ಉಷ್ಣಮಾಪಕ ಕೊಳ್ಳಲು ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ. ಮಾರ್ಚಿ ಒಂದನೆಯ ತಾರೀಕಿನಿಂದ ಪ್ರತಿ ಹೋಟೆಲಿನ ನಮ್ಮ ಬಂಧುಗಳು ವಂತಿಗೆ ಹಾಕಿ ಒಂದೊಂದನ್ನು ತರಲಿ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಕಂಡ ಅಂಕಿಯನ್ನು ತಾರೀಕು ಸಹಿತ ಬರೆದು, ತಿಂಗಳ ಕೊನೆಗೆ ಸಂಘಕ್ಕೆ ಕಳುಹಿಸಲಿ. ಜೂನಿನಲ್ಲಿ ಮಾಲಿಕರ ಮುಂದೆಯೂ ಕಾರ್ಮಿಕ ಇಲಾಖೆಯ ಮುಂದೆಯೂ ಕುಳಿತಾಗ “ಬಹಳ ಸೆಕೆ ಸ್ವಾಮಿ” ಎಂದು ಗೋಳಾಡುವುದಕ್ಕಿಂತ, ಮೂರು ತಿಂಗಳ ಲೆಕ್ಕವನ್ನು ಮೇಜಿನ ಮೇಲೆ ಇಡುವುದೇ ಲೇಸು.